ಸಾಸಿವೆಗೆ ಎರಡು ಎಕರೆ ಕೊಡಬೇಕಾ?

ಕಳೆದ ಸಂಚಿಕೆಯಲ್ಲಿ ಅಕ್ಕಡಿ ಬೆಳೆಗಳ ಬಗ್ಗೆ, ಅಂದರೆ ಮುಖ್ಯ ಬೆಳೆಯ ನಡುವೆ ಸಾಲು ಹಾಕುವ ಬೆಳೆಗಳ ಬಗ್ಗೆ ಬರೆಯುವಾಗ ಸಾಸಿವೆಯ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಒಂದು ಸಾಲನ್ನೇ ಹಿಡಿದುಕೊಂಡಿವೆ. ಅವರೆ, ತೊಗರಿ, ಹುಚ್ಚೆಳ್ಳನ್ನು ಯಾಕೋ ಯಾರೂ ಕೇಳಿಲ್ಲ. ಇರಲಿ, ಈ ಸಲ ಪೂರ್ತಿ ಸಾಸಿವೆಯದ್ದೇ ಮಾತು.

ಪ್ರಶ್ನೆ: ಅಕ್ಕಾ, ನಮ್ಮದು ತಾಳವಾಡಿ ಪಕ್ಕದ ಹಳ್ಳಿ. ಬೋರ್‌ವೆಲ್ ಇದೆ, ನೀರು ಅಷ್ಟಕ್ಕಷ್ಟೆ. ಕೋಸು, ಬೀಟ್‌ರೂಟ್ ಹಾಕಿ ರೇಟ್ ಸಿಗದೆ ಸಾಕಾಗಿದೆ. ರಾಜಸ್ಥಾನದ ಸಾಸಿವೆ ಹೊಲದ ವಿಡಿಯೋ ನೋಡಿದೆ. ಎರಡು ಎಕರೆಗೆ ಎಣ್ಣೆ ಸಾಸಿವೆ ಹಾಕೋಣ ಅಂತ ಇದ್ದೇನೆ. ಯಾವ ತಳಿ ತರಿಸಲಿ? ಸಾಸಿವೆಯನ್ನು ಆನೆ ಮುಟ್ಟಲ್ಲವಂತೆ, ನಿಜವಾ?

ಮೊದಲು ಆನೆಯ ವಿಷಯ ಮುಗಿಸಿಬಿಡೋಣ ತಮ್ಮಾ. ಅದು ತಿನ್ನುತ್ತದೋ ಇಲ್ಲವೋ, ನಡೆದಂತೂ ಹೋಗುತ್ತದಲ್ಲ? ಪಕ್ಕದವರ ಕಬ್ಬಿಗೆ ಹೋಗುವ ದಾರಿಯಲ್ಲಿ ನಿಮ್ಮ ಸಾಸಿವೆ ಇದ್ದರೆ ಆಯಿತು. ಸತ್ಯಮಂಗಲದ ಕಾಡಿನ ಅಂಚಿನಲ್ಲಿ ಕೂತು ಆನೆಯ ನಾಲಿಗೆ ರುಚಿ ನಂಬಿ ಬೆಳೆ ಹಾಕಬೇಡಿ.

ಇನ್ನು ರಾಜಸ್ಥಾನ. ದೇಶದ ಸಾಸಿವೆಯಲ್ಲಿ ಹತ್ತಿರ ಹತ್ತಿರ ಅರ್ಧ ಅಲ್ಲೇ ಬೆಳೆಯುತ್ತದೆ. ಸಾಸಿವೆಗೆ ಅಂತಲೇ ಇರುವ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೂ ಅಲ್ಲಿನ ಭರತ್‌ಪುರದಲ್ಲೇ ಇದೆ. ಅಲ್ಲಿ ಅಕ್ಟೋಬರಿನಲ್ಲಿ ಬಿತ್ತುತ್ತಾರೆ. ಫೆಬ್ರವರಿವರೆಗೂ ಚಳಿ ಬಿಡುವುದಿಲ್ಲ. ಕಾಯಿಯಲ್ಲಿ ಕಾಳು ತುಂಬುವ ಹೊತ್ತಿಗೆ ತಂಪು ಇರಬೇಕು, ಬಿಸಿಲು ಏರಿದರೆ ಕಾಳು ಜೊಳ್ಳು, ಎಣ್ಣೆಯೂ ಕಡಿಮೆ. ನಮ್ಮ ತಾಳವಾಡಿ ಎತ್ತರದಲ್ಲಿರುವುದರಿಂದ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಒಳ್ಳೆ ಚಳಿ ಬೀಳುತ್ತದೆ. ದಿಂಬಂ ಘಾಟಿ ಇಳಿದು ಹೋದವರಿಗೆ ಆ ಭಾಗ್ಯ ಇಲ್ಲ. ಆದರೆ ನಮಗೆ ಅಕ್ಟೋಬರ್, ನವೆಂಬರಿನಲ್ಲಿ ಹಿಂಗಾರು ಸುರಿಯುತ್ತದೆ. ಆಗಷ್ಟೇ ಬಿತ್ತಿದ ಸಾಸಿವೆ ನೀರು ನಿಂತ ಕಡೆ ಕೊಳೆಯುತ್ತದೆ. ಮಳೆ ನಿಲ್ಲಲಿ ಅಂತ ಡಿಸೆಂಬರಿಗೆ ತಳ್ಳಿದರೆ ಕಾಳು ಕಟ್ಟುವಾಗ ಬಿಸಿಲು ಬರುತ್ತದೆ, ಸಸ್ಯಹೇನೂ ಮುತ್ತುತ್ತದೆ. ಸಿಗುವ ಸಂದು ಚಿಕ್ಕದು.

ಅದಕ್ಕಿಂತ ದೊಡ್ಡ ಪ್ರಶ್ನೆ, ಬೆಳೆದದ್ದನ್ನು ಯಾರಿಗೆ ಮಾರುತ್ತೀರಿ? ದೇಶದ ಸರಾಸರಿ ಇಳುವರಿಯೇ ಎಕರೆಗೆ ಐದಾರು ಕ್ವಿಂಟಾಲ್. ಕಾಳಿನಲ್ಲಿ ನೂರಕ್ಕೆ 38ರಿಂದ 42 ಭಾಗ ಎಣ್ಣೆ ಅಂತ ಪುಸ್ತಕ ಹೇಳುತ್ತದೆ, ಗಾಣದಲ್ಲಿ ಕೈಗೆ ಬರುವುದು ಕಾಳಿನ ತೂಕದ ಮೂರನೇ ಒಂದು ಭಾಗ. ಬಂದ ಎಣ್ಣೆಯನ್ನು ನಮ್ಮ ಕಡೆ ಯಾರು ಬಾಣಲೆಗೆ ಹಾಕುತ್ತಾರೆ? ನಾವು ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಯವರು. 2025-26ರ ಮಾರಾಟ ಹಂಗಾಮಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 5,950 ರೂಪಾಯಿ ಇತ್ತು. ನಮ್ಮ ಸಂತೆಗೆ ಆ ಬೆಲೆ ಹಿಡಿದುಕೊಂಡು ಯಾರೂ ಬರುವುದಿಲ್ಲ. ಇಲ್ಲಿ ಸಾಸಿವೆ ಹೋಗುವುದು ಒಗ್ಗರಣೆ ಡಬ್ಬಿಗೆ. ದಿನಸಿ ಅಂಗಡಿಯವರು ಕೇಳುವುದೂ ಸಣ್ಣ ಕಪ್ಪು ಕಾಳನ್ನೇ.

ಹಾಗಾಗಿ ಎರಡು ಎಕರೆ ಬೇಡ. ಐವತ್ತು ಸೆಂಟಿನಲ್ಲಿ, ಅಂದರೆ ಅರ್ಧ ಎಕರೆಯಲ್ಲಿ ಹಾಕಿ ನೋಡಿ. ತಳಿ ಅಂದರೆ ವರುಣಾ, ಪೂಸಾ ಬೋಲ್ಡ್ ಹಳೆಯವು, ಗಟ್ಟಿಯವು. ಬೋಲ್ಡ್ ಹೆಸರಿಗೆ ತಕ್ಕ ಹಾಗೆ ದಪ್ಪ ಕಾಳು. ಬೇಗ ಮುಗಿಯಬೇಕು ಅಂದರೆ ಪೂಸಾ ಮಸ್ಟರ್ಡ್ 25 ಇದೆ, ಉತ್ತರದಲ್ಲಿ ಸುಮಾರು 105 ದಿನಕ್ಕೆ ಬರುತ್ತದೆ. ವಿಡಿಯೋದವರು ಹೊಗಳುವ ಪೂಸಾ ಡಬಲ್ ಝೀರೋ 31 ಮಾತ್ರ ನಿಮಗೆ ಬೇಡ. ನಾಡ ಸಾಸಿವೆ ಎಣ್ಣೆಯಲ್ಲಿ ಎರೂಸಿಕ್ ಆಮ್ಲ (ಕಡಿಮೆ ಇದ್ದಷ್ಟೂ ಒಳ್ಳೆಯದು ಅನ್ನುವ ಕೊಬ್ಬಿನ ಆಮ್ಲ) ನೂರಕ್ಕೆ 40ರಿಂದ 50 ಭಾಗ ಇದ್ದರೆ ಅದರಲ್ಲಿ ಎರಡಕ್ಕಿಂತ ಕಡಿಮೆ. ಖಾರ ಕೊಡುವ ಗ್ಲುಕೋಸಿನೊಲೇಟ್ ಕೂಡ ತೀರಾ ಇಳಿಸಿದ್ದಾರೆ. ಎಣ್ಣೆಗೂ ಹಿಂಡಿಗೂ ಒಳ್ಳೆಯದೇ. ಅರೆದು ಮಾಡುವ ಅಡುಗೆಗೆ, ಉಪ್ಪಿನಕಾಯಿಗೆ ಸಪ್ಪೆ.

ಎಕರೆಗೆ ಎರಡು ಕೆಜಿ ಬೀಜ ಧಾರಾಳ. ಜರಡಿ ಹಿಡಿದ ಗೊಬ್ಬರದ ಜೊತೆ ಬೆರೆಸಿ ಬಿತ್ತಿ, ಇಲ್ಲದಿದ್ದರೆ ಕೈಯಿಂದ ಒಂದೇ ಕಡೆ ಸುರಿದುಹೋಗುತ್ತದೆ. ಒಂದು ಇಂಚಿಗಿಂತ ಆಳ ಬೇಡ. ಸಾಲಿನಿಂದ ಸಾಲಿಗೆ ಒಂದರಿಂದ ಒಂದೂವರೆ ಅಡಿ. ಹದಿನೈದು ಇಪ್ಪತ್ತು ದಿನಕ್ಕೆ ಹೆಚ್ಚಿನ ಸಸಿ ಕಿತ್ತು, ಗೇಣಿಗಿಂತ ಸ್ವಲ್ಪ ಕಡಿಮೆ ಅಂತರಕ್ಕೆ ಒಂದೊಂದು ಬಿಡಿ. ಈ ಕೆಲಸಕ್ಕೆ ಕೈ ಬರುವುದಿಲ್ಲ ಯಾರಿಗೂ, ಅಷ್ಟು ಚೆಂದ ಹುಟ್ಟಿದ್ದನ್ನು ಕೀಳುವುದಾ ಅಂತ. ಕೀಳದಿದ್ದರೆ ಕವಲೇ ಒಡೆಯದ ಕಡ್ಡಿ ಗಿಡ ಎದ್ದು ನಿಲ್ಲುತ್ತದೆ. ಕಿತ್ತದ್ದು ಸೊಪ್ಪಿನ ಸಾರಿಗೆ.

ಗೊಬ್ಬರದಲ್ಲಿ ಡಿಎಪಿ ಬಿಟ್ಟು ಸಿಂಗಲ್ ಸೂಪರ್ ಫಾಸ್ಫೇಟ್ ತನ್ನಿ. ಸಾಸಿವೆ ಗಂಧಕ ಬೇಡುವ ಬೆಳೆ, ಎಕರೆಗೆ ಎಂಟರಿಂದ ಹದಿನಾರು ಕೆಜಿ ಬೇಕು. ಡಿಎಪಿಯಲ್ಲಿ ಅದು ಇಲ್ಲ. ಸೂಪರಿನಲ್ಲಿ ನೂರಕ್ಕೆ ಹನ್ನೊಂದು ಭಾಗ ಇದೆ. ಎರಡು ಮೂಟೆ ಹಾಕಿದರೆ ಹನ್ನೊಂದು ಕೆಜಿ ಗಂಧಕ ಸುಮ್ನೆ ಬಂದ ಹಾಗಾಯಿತು. ನೀರು ಕಡಿಮೆ ಇದ್ದರೆ ಹೂವಿಗೆ ಮುಂಚೆ ಒಂದು, ಕಾಯಿ ತುಂಬುವಾಗ ಒಂದು ಕೊಡಿ.

ಪ್ರಶ್ನೆ: ಅಕ್ಕ, ಡೆಂಕಣಿಕೋಟೆ ಹತ್ತಿರ ನಮ್ಮೂರು. ಅತ್ತೆಯ ಕಾಲದಿಂದ ಮನೆಯ ಸಾಸಿವೆಯನ್ನೇ ರಾಗಿಯಲ್ಲಿ ಅಕ್ಕಡಿ ಹಾಕುತ್ತಾ ಬಂದಿದ್ದೇವೆ. ಈಗೀಗ ಒಂದು ಗಿಡ ಎದೆಮಟ್ಟ, ಇನ್ನೊಂದು ಮೊಣಕಾಲುಮಟ್ಟ. ಒಂದು ಒಣಗಿ ಸಿಡಿಯುವಾಗ ಇನ್ನೊಂದು ಹೂವಿನಲ್ಲೇ ಇರುತ್ತದೆ. ಈ ಬೀಜ ಬಿಸಾಕಿ ಪ್ಯಾಕೆಟ್ ತರುವುದಾ?

ಬಿಸಾಕಬೇಡಿ ತಾಯಿ. ಈ ಸಲದ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ನಿಮ್ಮದೇ. ಎಲ್ಲ ಗಿಡ ಒಂದೇ ತರ ಇದ್ದರೆ ಆರಿಸುವುದಕ್ಕೆ ಏನಿರುತ್ತದೆ? ನಿಮ್ಮ ಹೊಲದಲ್ಲಿ ಆರಿಸುವಷ್ಟು ಇದೆ.

ಯಾಕೆ ಹೀಗಾಯಿತು ಅಂದರೆ, ಬೇಗ ಬಲಿತ ಗಿಡದ ಕಾಯಿ ಹೊಲದಲ್ಲೇ ಸಿಡಿದು ಹೋಗುತ್ತದೆ. ತಡವಾಗಿ ಬಂದದ್ದು ಕಣಕ್ಕೆ ಬರುತ್ತದೆ. ಮಾರಿ ಉಳಿದ ಸಣ್ಣ ಕಾಳೇ ಬಿತ್ತನೆಗೆ ಉಳಿಯುತ್ತದೆ. ವರ್ಷ ವರ್ಷ ಹೀಗೇ ಆದರೆ ತಡವಾದ ಗಿಡವನ್ನೇ ನಾವು ಆರಿಸುತ್ತಾ ಬಂದ ಹಾಗಾಗುತ್ತದೆ. ನಡುವೆ ಒಂದು ವರ್ಷ ಬೀಜ ಸಾಲದೆ ಅಂಗಡಿಯ ಸಾಸಿವೆ ಬೆರೆಸಿರಲೂಬಹುದು. ಬೆರಕೆ ಇಲ್ಲದ ಸಾಸಿವೆಯನ್ನು ಅಂಗಡಿಯಲ್ಲಿ ಹುಡುಕುವುದು ಸಾವಿಲ್ಲದ ಮನೆಯ ಸಾಸಿವೆ ಹುಡುಕಿದ ಹಾಗೇ.

ಸಾಸಿವೆ ಹೆಚ್ಚಾಗಿ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಜೇನು ತಂದ ಪರಾಗದಿಂದ ನೂರಕ್ಕೆ ಐದರಿಂದ ಮೂವತ್ತು ಬೀಜ ಬೆರಕೆಯಾಗಬಹುದು, ಜೇನು ಎಷ್ಟಿದೆ ಅನ್ನುವುದರ ಮೇಲೆ. ಅಂದರೆ ಒಳ್ಳೆ ಗಿಡದ ಬೀಜ ಬಿತ್ತಿದರೆ ಬಹುಪಾಲು ಅದೇ ಗುಣ ಬರುತ್ತದೆ. ಆರಿಸಿದ್ದು ದಂಡವಾಗುವುದಿಲ್ಲ.

ಆರಿಸುವುದನ್ನು ರಾಗಿ ಹೊಲದಲ್ಲೇ ಮಾಡಿ. ಬೇರೆ ಮಡಿಯಲ್ಲಿ ಗೊಬ್ಬರ ಹಾಕಿ ಬೆಳೆದು ಆರಿಸಿದರೆ ಮಡಿಯ ತಳಿ ಬರುತ್ತದೆ, ಅಕ್ಕಡಿಗೆ ಆಗುವುದಿಲ್ಲ. ನಿಮಗೆ ಬೇಕಾದದ್ದು ರಾಗಿಗೆ ನೆರಳು ಮಾಡದೆ, ರಾಗಿ ಕೊಯ್ಲಿಗೆ ಮೊದಲೇ ಮುಗಿದು ಜಾಗ ಬಿಡುವ ಗಿಡ.

ಹೂವು ಶುರುವಾದಾಗ ಬಣ್ಣದ ದಾರ ಹಿಡಿದು ಹೊಲ ಸುತ್ತಿ. ಮೊದಲು ಹೂ ಬಿಟ್ಟ, ನೇರ ನಿಂತ ಗಿಡಗಳಿಗೆ ಕಟ್ಟಿ. ಬದುವಿನ ಪಕ್ಕದ್ದು, ತಿಪ್ಪೆ ಹಾಕಿದ ಜಾಗದ್ದು, ಸುತ್ತ ಸಸಿ ಸತ್ತು ಬಯಲಾದ ಕಡೆಯದ್ದು ಬಿಡಿ. ಅಂಥ ಕಡೆ ಎಂಥ ಗಿಡವೂ ಕೊಬ್ಬುತ್ತದೆ. ನಾಲ್ಕೂ ಕಡೆ ಒತ್ತಿನಲ್ಲಿದ್ದೂ ಚೆನ್ನಾಗಿ ಬಂದದ್ದು ನಿಜವಾದ ಒಳ್ಳೆಯದು. ಕಾಯಿ ಬಂದ ಮೇಲೆ ದಾರ ಕಟ್ಟಿದ್ದನ್ನು ಇನ್ನೊಮ್ಮೆ ನೋಡಿ. ಕೆಳಗಿನಿಂದಲೇ ಕವಲು ಒಡೆದಿದೆಯಾ, ಕಾಯಿ ದಟ್ಟವಾಗಿ ಕೂತಿದೆಯಾ. ಒಂದೆರಡು ಕಾಯಿ ಉಗುರಲ್ಲಿ ಬಿಡಿಸಿ ಎಣಿಸಿ. ಒಂದು ಕಾಯಿಯಲ್ಲಿ ಹತ್ತರಿಂದ ಹದಿನೈದು ಕಾಳು ಇದ್ದರೆ ಸರಿ. ತುದಿಗೆ ಹೇನು ಮುತ್ತಿದ್ದು, ಎಲೆಯಲ್ಲಿ ಬಿಳಿ ಗುಳ್ಳೆ ಎದ್ದದ್ದು, ಮಗುಚಿ ಬಿದ್ದದ್ದು ಎಷ್ಟೇ ದೊಡ್ಡದಿರಲಿ, ದಾರ ಬಿಚ್ಚಿಬಿಡಿ. ಕೊನೆಗೆ ನಲವತ್ತು ಐವತ್ತು ಗಿಡ ಉಳಿದರೆ ಸಾಕು.

ಮುಕ್ಕಾಲು ಭಾಗ ಕಾಯಿ ಹಳದಿಗೆ ತಿರುಗಿದಾಗ ಕೊಯ್ಯಿರಿ. ಪೂರ್ತಿ ಒಣಗಲಿ ಅಂತ ಕಾಯಬೇಡಿ. ಬೆಳಗ್ಗೆ ಇಬ್ಬನಿ ಆರುವುದಕ್ಕೆ ಮೊದಲು ಕೊಯ್ದರೆ ಸಿಡಿಯುವುದಿಲ್ಲ. ಒಂದೊಂದು ಗಿಡವನ್ನೂ ತಲೆಕೆಳಗಾಗಿ ಹಳೇ ದಿಂಬಿನ ಕವರಿಗೋ ಬಟ್ಟೆ ಚೀಲಕ್ಕೋ ತುಂಬಿ ನೆರಳಲ್ಲಿ ತೂಗುಹಾಕಿ. ಎಲ್ಲವನ್ನೂ ಒಟ್ಟಿಗೆ ಬಡಿಯಬೇಡಿ. ಒಂದು ಗಿಡದ ಬೀಜ ಒಂದು ಪೊಟ್ಟಣಕ್ಕೆ, ಮೇಲೆ ನಂಬರು.

ಮುಂದಿನ ಮುಂಗಾರಿಗೆ ಪ್ರತಿ ಪೊಟ್ಟಣದಿಂದ ಅರ್ಧ ಬೀಜ ತೆಗೆದು ರಾಗಿ ನಡುವೆ ಒಂದೊಂದು ಸಾಲು ಹಾಕಿ, ಅರ್ಧ ಇಟ್ಟುಕೊಳ್ಳಿ. ಕೂರಿಗೆಯ ಹಿಂದೆ ಸಡ್ಡೆ (ಬಿತ್ತನೆ ಕೊಳವೆ) ಕಟ್ಟಿ ಬಿತ್ತುವ ಅಭ್ಯಾಸ ಇದ್ದರೆ ಈ ಸಾಲುಗಳ ಮಟ್ಟಿಗೆ ಕೈಯಲ್ಲೇ ಉದುರಿಸಿ, ಬೀಜ ಬೆರೆಯಬಾರದು. ಆಗ ಗೊತ್ತಾಗುತ್ತದೆ ನೋಡಿ. ಒಂದು ಸಾಲು ಪೂರ್ತಿ ಒಂದೇ ಎತ್ತರ, ಒಂದೇ ದಿನ ಹೂವು. ಪಕ್ಕದ ಸಾಲು ಚಿಂದಿ ಚಿತ್ರಾನ್ನ, ಅದು ಜೇನಿನ ಕೆಲಸ. ಅದನ್ನು ಸಾರಿಗೆ ಹಾಕಿ. ಚೆನ್ನಾಗಿರುವ ಐದಾರು ಸಾಲು ಯಾವ ಪೊಟ್ಟಣದ್ದು ಅಂತ ನೋಡಿ, ಇಟ್ಟುಕೊಂಡ ಅರ್ಧ ಬೀಜ ಬೆರೆಸಿ ಅದರ ಮುಂದಿನ ವರ್ಷ ಬಿತ್ತಿ. ಒಂದೇ ಒಂದು ಗಿಡದ ಸಂತಾನಕ್ಕೆ ಇಳಿಯಬೇಡಿ ಅಂತ ನನ್ನ ಅಭಿಪ್ರಾಯ. ವಿಜ್ಞಾನಿಗಳಿಗೆ ಒಂದೇ ಸಮನಾದ ತಳಿ ಬೇಕು. ಮಳೆ ನಂಬಿದ ನಮಗೆ ಹತ್ತಿರದ ಗುಣವಿರುವ ಐದಾರು ಸೇರಿದ ಬೀಜವೇ ಭದ್ರ.

ಪಕ್ಕದ ಹೊಲದಲ್ಲಿ ಎಲೆಕೋಸು ಇದೆ, ಬೆರಕೆಯಾಗುತ್ತದಾ ಅಂತಲೂ ಕೇಳಿದ್ದೀರಿ. ಕೋಸನ್ನು ನಾವು ಹೂವಿಗೆ ಬಿಡುವುದೇ ಇಲ್ಲವಲ್ಲ. ಆದರೆ ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ, ಅವರೆಲ್ಲ ನೆಂಟರೇ. ನಾವು ಬೆಳೆಯುವ ಸಾಸಿವೆಯೇ ಒಂದು ಬೆರಕೆ. ಟರ್ನಿಪ್ ಜಾತಿಯ ಗಿಡದ ಹತ್ತು ಜೊತೆ ಕ್ರೋಮೋಸೋಮು, ಕಪ್ಪು ಸಾಸಿವೆಯ ಎಂಟು ಜೊತೆ, ಸೇರಿ ಹದಿನೆಂಟು. 1935ರಲ್ಲಿ ವೂ ಜಾಂಗ್-ಚುನ್ ಅನ್ನುವ ವಿಜ್ಞಾನಿ ಈ ನೆಂಟಸ್ತಿಕೆಯನ್ನು ಬಿಡಿಸಿ ತೋರಿಸಿದರು. ಪಕ್ಕದವರು ಬೇರೆ ಸಾಸಿವೆ ಹಾಕಿದ್ದರೆ ಮಾತ್ರ, ಆರಿಸಿದ ಗಿಡದ ಒಂದು ಕವಲಿಗೆ ಮೊಗ್ಗು ಬಿರಿಯುವ ಮೊದಲೇ ತೆಳು ಮಲ್‌ಮಲ್ ಬಟ್ಟೆ ಚೀಲ ಕಟ್ಟಿ. ಒಳಗೇ ಕಾಯಿ ಕಟ್ಟುತ್ತದೆ.

ಪ್ರಶ್ನೆ: ಮಡಕಶಿರಾದಿಂದ. ಎಲೆಯ ಕೆಳಗೆ ಸುಣ್ಣ ಚಿಮುಕಿಸಿದ ಹಾಗೆ ಬಿಳಿ ಗುಳ್ಳೆ. ಹೂವಿನ ತುದಿ ಊದಿ ಕೊಂಬಿನ ತರ ತಿರುಚಿಕೊಂಡಿದೆ. ಕಾಯಿ ಇಲ್ಲ.

ಬಿಳಿ ತುಕ್ಕು ರೋಗ. ತಂಪು, ಮೋಡ, ತೇವ ಮೂರೂ ಸೇರಿದರೆ ಬರುತ್ತದೆ. ಊದಿದ ತುದಿಗಳನ್ನು ಹಸಿಯಾಗಿದ್ದಾಗಲೇ ಕತ್ತರಿಸಿ ಸುಟ್ಟುಬಿಡಿ. ಒಣಗಿ ಪುಡಿಯಾದರೆ ಒಳಗಿನ ಬೀಜಾಣು ಮಣ್ಣಿಗೆ ಸೇರಿ ಮುಂದಿನ ವರ್ಷಕ್ಕೆ ಕಾದು ಕೂರುತ್ತದೆ. ಬೀಜದ ಜೊತೆಗೂ ಹೋಗುತ್ತದೆ. ಹಾಗಾಗಿ ಮುಂದಿನ ಸಲ ಕೆಜಿ ಬೀಜಕ್ಕೆ ಆರು ಗ್ರಾಂ ಮೆಟಲಾಕ್ಸಿಲ್ 35 ಅನ್ನುವ ರೋಗದ ಔಷಧಿ ಲೇಪಿಸಿ ಬಿತ್ತಿ. ಆ ಬೀಜ ಉಳಿದರೆ ಅಡುಗೆಮನೆಗೆ ಹೋಗಬಾರದು, ಡಬ್ಬಿಯ ಮೇಲೆ ದಪ್ಪಗೆ ಬರೆದಿಡಿ.

ಪ್ರಶ್ನೆ: ತಾಳವಾಡಿಯಿಂದ. ಕೋಸಿನ ಮಧ್ಯೆ ಸಾಸಿವೆ ಹಾಕಿದರೆ ಹುಳ ಬರುವುದಿಲ್ಲ ಅಂದರು. ಹಾಕಿದೆ. ಸಾಸಿವೆಗೂ ಹುಳ ಬಂತು, ಕೋಸಿಗೂ ಬಂತು.

ಹೇಳಿದವರು ಅರ್ಧ ಹೇಳಿದ್ದಾರೆ. ಸಾಸಿವೆ ಹುಳವನ್ನು ಓಡಿಸುವುದಿಲ್ಲ, ಕರೆಯುತ್ತದೆ. ಕೋಸಿನ ಎಲೆ ತೂತು ಮಾಡುವ ಹಸಿರು ಹುಳದ ತಾಯಿ, ಬೆನ್ನ ಮೇಲೆ ವಜ್ರದ ಗುರುತಿರುವ ಚಿಟ್ಟೆ, ಕೋಸಿಗಿಂತ ಸಾಸಿವೆಯ ಮೇಲೆ ಮೊಟ್ಟೆ ಇಡುವುದಕ್ಕೆ ಇಷ್ಟಪಡುತ್ತದೆ. ಅಲ್ಲಿ ಬಂದು ಕೂತದ್ದನ್ನು ಅಲ್ಲೇ ಮುಗಿಸಬೇಕು. ಸುಮ್ಮನೆ ಬಿಟ್ಟರೆ ಹುಳ ಸಾಕಿದ ಹಾಗಾಯಿತು.

ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಇದಕ್ಕೊಂದು ಲೆಕ್ಕ ಕೊಟ್ಟಿದ್ದಾರೆ. ಪ್ರತಿ 25 ಸಾಲು ಕೋಸಿಗೆ ಜೋಡಿ ಸಾಲು ಸಾಸಿವೆ. ಜೋಡಿಯ ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು ಬಿತ್ತಬೇಕು, ಇನ್ನೊಂದನ್ನು ನಾಟಿ ಆಗಿ 25 ದಿನಕ್ಕೆ. ಮೊದಲನೆಯದು ಬಲಿತು ಎಲೆ ಒರಟಾಗುವ ಹೊತ್ತಿಗೆ ಎರಡನೆಯದು ಎಳೆಯದಾಗಿ ಸಿದ್ಧ. ನಮ್ಮ ಕಡೆ ಎಲ್ಲರೂ ತಪ್ಪುವುದು ಇಲ್ಲೇ. ನಾಟಿಯ ದಿನವೇ ಎರಡೂ ಸಾಲು ಎರಚಿ ಕೈತೊಳೆದುಕೊಳ್ಳುತ್ತಾರೆ.

ಹಳೆ ಕರಪತ್ರಗಳಲ್ಲಿ ಸಾಸಿವೆ ಸಾಲಿಗೆ ಡೈಕ್ಲೋರ್ವಾಸ್ ಹೊಡೆಯಿರಿ ಅಂತ ಇದೆ. ಆ ಔಷಧಿಯ ಬಳಕೆಗೆ 2020ರ ಕೊನೆಯಿಂದ ನಿಷೇಧ ಇದೆ. ಬೇವಿನ ಬೀಜದ ಕಷಾಯ ಸಾಕು. ನೂರು ಲೀಟರ್ ನೀರಿಗೆ ನಾಲ್ಕೈದು ಕೆಜಿ ಬೇವಿನ ಬೀಜದ ಪುಡಿ, ರಾತ್ರಿ ನೆನೆಸಿ, ಸೋಸಿ, ಸ್ವಲ್ಪ ಸೋಪು ಬೆರೆಸಿ. ಹೊಡೆಯುವುದು ಸಂಜೆ, ಜೇನು ಗೂಡು ಸೇರಿದ ಮೇಲೆ. ಕೋಸು ಮುಗಿದ ಹೊಲಕ್ಕೆ ಮತ್ತೆ ಸಾಸಿವೆ ಹಾಕಬೇಡಿ, ಹುಳ ರೋಗ ಎಲ್ಲ ಇಬ್ಬರಿಗೂ ಒಂದೇ. ರಾಗಿಯೋ ಹುರುಳಿಯೋ ಬರಲಿ.

ಪ್ರಶ್ನೆ: ಅಕ್ಕಲಕೋಟೆಯಿಂದ. ಅಂಗಡಿಯಾಂವ ಜಿಎಂ ಸಾಸಿವಿ ಬೀಜ ತರಿಸಿಕೊಡತೀನಿ, ರೇಟ್ ಜಾಸ್ತಿ ಅಂತಾನ್ರಿ. ತಗೋಬೇಕೋ ಬ್ಯಾಡೋ?

ಬೇಡ ಅಣ್ಣಾ. ಅವನ ಹತ್ತಿರ ಅದು ಇರುವುದಕ್ಕೆ ಸಾಧ್ಯವೇ ಇಲ್ಲ. ಜಿಎಂ ಅಂದರೆ ಬೇರೆ ಜೀವಿಯ ಜೀನ್ ಸೇರಿಸಿದ ಕುಲಾಂತರಿ. ಪೇಪರಿನಲ್ಲಿ ಬಂದದ್ದು ಡಿಎಂಎಚ್-11, ದೆಹಲಿ ವಿಶ್ವವಿದ್ಯಾಲಯದಲ್ಲಿ ದೀಪಕ್ ಪೆಂಟಲ್ ಅವರ ತಂಡ ಮಾಡಿದ ಹೈಬ್ರಿಡ್. ಸಾಸಿವೆ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೆ ಇರುವುದರಿಂದ ಹೈಬ್ರಿಡ್ ಮಾಡುವುದು ಕಷ್ಟ. ಅದಕ್ಕೆ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ಎರಡು ಜೀನ್ ತಂದರು. ಒಂದು ವರುಣಾ ತಳಿಯಲ್ಲಿ ಪರಾಗ ನಿಲ್ಲಿಸುತ್ತದೆ, ಇನ್ನೊಂದು ಮುಂದಿನ ಪೀಳಿಗೆಯಲ್ಲಿ ಅದನ್ನು ಮತ್ತೆ ಕೊಡುತ್ತದೆ. 2022ರ ಅಕ್ಟೋಬರಿನಲ್ಲಿ ಕೇಂದ್ರದ ಸಮಿತಿ ಒಪ್ಪಿತು. ಆ ಒಪ್ಪಿಗೆ ಸರಿಯೋ ತಪ್ಪೋ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಹೀಗಿರುವಾಗ ನಿಮ್ಮ ಅಂಗಡಿಯವನ ಚೀಲದಲ್ಲಿ ಏನಿದೆಯೋ ಅವನಿಗೇ ಗೊತ್ತು. ಬಿಲ್ ಕೇಳಿ ನೋಡಿ, ಮಾತು ಬದಲಾಗುತ್ತದೆ.

ಯಾವ ಹೈಬ್ರಿಡ್ ಆದರೂ ಅದರ ಬೀಜ ಎತ್ತಿಟ್ಟು ಬಿತ್ತಿದರೆ ಮಕ್ಕಳು ದಿಕ್ಕಿಗೊಂದು. ಸಾದಾ ತಳಿಯದ್ದು ಧಾರಾಳ ಎತ್ತಿಡಿ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕು ಕಾಯ್ದೆಯಲ್ಲಿ ರೈತ ತನ್ನ ಬೀಜ ಇಟ್ಟುಕೊಳ್ಳಬಹುದು, ಬಿತ್ತಬಹುದು, ಕೊಡಬಹುದು, ಮಾರಲೂಬಹುದು. ಬ್ರ್ಯಾಂಡ್ ಹಾಕಿ ಮಾರಬಾರದು, ಅಷ್ಟೆ. ಅಂದಹಾಗೆ, ನಿಮ್ಮ ಎರೆಹೊಲದಲ್ಲಿ ಹಿಂಗಾರಿಗೆ ಕುಸುಬೆ ನೀರಿಲ್ಲದೆ ಬರುತ್ತದೆ, ಎಣ್ಣೆಗೂ ನಿಮ್ಮ ಊರಲ್ಲೇ ಗಿರಾಕಿ ಇದ್ದಾರೆ. ಸಾಸಿವೆಯ ಹಿಂದೆ ಯಾಕೆ ಬಿದ್ದಿರಿ?

ಪ್ರಶ್ನೆ: ಕಾಸರಗೋಡಿನಿಂದ. ಮಾವಿನಹಣ್ಣಿನ ಸಾಸಮೆಗೆ (ತೆಂಗಿನಕಾಯಿ, ಸಾಸಿವೆ ಅರೆದು ಹಾಕುವ ಗೊಜ್ಜು) ಸಾಸಿವೆ ಅರೆದರೆ ಒಮ್ಮೊಮ್ಮೆ ಕಹಿ, ಒಮ್ಮೊಮ್ಮೆ ಮೂಗಿಗೆ ಹತ್ತುವ ಖಾರ. ಸಾಸಿವೆಯ ದೋಷವೋ? ಮನೆಯಲ್ಲೇ ನಾಲ್ಕು ಗಿಡ ಬೆಳೆಯಬಹುದೋ?

ದೋಷ ಅಲ್ಲ. ಕಾಳು ಹಾಗೇ ಇದ್ದರೆ ಖಾರ ಇಲ್ಲ. ಅರೆದು ನೀರು ತಾಗಿದಾಗ ಒಳಗಿನ ಕಿಣ್ವ ಕೆಲಸ ಶುರು ಮಾಡಿ ಖಾರದ ಎಣ್ಣೆ ಹುಟ್ಟಿಸುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ, ಅದಕ್ಕೇ ಒಗ್ಗರಣೆಯ ಸಾಸಿವೆ ಮೂಗಿಗೆ ಹತ್ತುವುದಿಲ್ಲ. ತೆಂಗಿನಕಾಯಿ ಮೊದಲು ತಣ್ಣೀರಿನಲ್ಲಿ ನುಣ್ಣಗೆ ಆಗಲಿ, ಸಾಸಿವೆ ಕೊನೆಗೆ ಹಾಕಿ ಎರಡು ಸುತ್ತು ತಿರುಗಿಸಿ. ಅರ್ಧ ಚಮಚಕ್ಕಿಂತ ಜಾಸ್ತಿ ಹಾಕಿದರೆ ಕಹಿ ಬರುವುದೇ. ತಂದ ಸಾಸಿವೆಯಲ್ಲಿ ಒರಟು ಮೈಯ ಕಪ್ಪು ಕಾಳು ಸೇರಿದ್ದರೆ ಒಂದನ್ನು ಒತ್ತಿ ನೋಡಿ. ಸಾಸಿವೆಯ ಒಳಗೆ ಹಳದಿ. ಬಿಳಿ ಕಂಡರೆ ಅದು ಅರಿಶಿನ ದತ್ತೂರಿ, 1998ರಲ್ಲಿ ದೆಹಲಿಯಲ್ಲಿ ಎಣ್ಣೆಗೆ ಬೆರೆತು ಜನರ ಜೀವ ತೆಗೆದದ್ದು ಅದೇ. ಆ ಪೊಟ್ಟಣ ವಾಪಸು ಕೊಡಿ.

ಬೆಳೆಯಬಹುದು. ನಿಮ್ಮ ಮಳೆ ಪೂರ್ತಿ ನಿಂತ ಮೇಲೆ, ನವೆಂಬರಿನಲ್ಲಿ. ಮುರಕಲ್ಲಿನ ಮಣ್ಣು ಹುಳಿ ಇರುತ್ತದೆ, ಎರಡು ವಾರ ಮೊದಲು ಒಂದು ಹಿಡಿ ಸುಣ್ಣ ಬೆರೆಸಿಡಿ. ಅಡಿಕೆ ತೋಟದ ನೆರಳಿನಲ್ಲಿ ಬೇಡ, ಅಂಗಳದ ಬಿಸಿಲಿಗೆ. ವರ್ಷದ ಸಾಸಿವೆ ಆಗುವುದಿಲ್ಲ, ಸೊಪ್ಪಿನ ಪಲ್ಯ ನಾಲ್ಕು ಸಲ ಆಗುತ್ತದೆ.